ಕರಪತ್ರದ ಕೆಳಗಿನ ಹೆಸರುಗಳು

ನಾರ್ತ್ ಕ್ರೀಕ್

ಅಮೆರಿಕದಲ್ಲಿ ಗೋಡೆಗಳೆಲ್ಲ ಖಾಲಿ. ಚುನಾವಣೆಯ ವರ್ಷ, ಅದೂ ರಾಷ್ಟ್ರಾಧ್ಯಕ್ಷರ ಚುನಾವಣೆ, ಒಂದು ಗೋಡೆಯ ಮೇಲಾದರೂ ಒಂದು ಅಕ್ಷರ ಬೇಡವೇ? ಸಿಯಾಟಲ್ ವಿಮಾನ ನಿಲ್ದಾಣದಿಂದ ನಾರ್ತ್ ಕ್ರೀಕಿನ ಅಕ್ಕನ ಮನೆಯವರೆಗೆ ಕಾರಿನಲ್ಲಿ ಕೂತು ಎರಡೂ ಕಡೆ ಕಣ್ಣು ಹಾಯಿಸಿದೆ. ಕಾಂಪೌಂಡು, ಸೇತುವೆ, ತಡೆಗೋಡೆ, ಎಲ್ಲ ಬೋಳು. ಹುಲ್ಲಿನ ಮೇಲೆ ಅಲ್ಲಲ್ಲಿ ಮೊಣಕಾಲೆತ್ತರದ ರಟ್ಟಿನ ಬೋರ್ಡು, ಅದರಲ್ಲಿ ಯಂತ್ರ ಉಗುಳಿದ ಅಕ್ಷರ. ಮೂವತ್ತು ವರ್ಷ ಗೋಡೆ ಬರೆದು ಹೊಟ್ಟೆ ಹೊರೆದ ನನಗೆ ಅದು ಎಲೆ ಹಾಕಿ ಬಡಿಸದೆ ಬಿಟ್ಟ ಪಂಕ್ತಿಯ ಹಾಗೆ ಕಂಡಿತು.

ನಾನು ಓದಿದ್ದು ಏಳನೇ ಕ್ಲಾಸು, ಅದನ್ನೂ ಎರಡು ಸಲ. ಆದರೆ ಅಕ್ಷರ ಮಾತ್ರ ದುಂಡಗೆ. ಫ್ಲೆಕ್ಸು ಬರುವ ಮುಂಚೆ ತುರುವೇಕೆರೆ ಸೀಮೆಯಲ್ಲಿ ಯಾವ ಪಕ್ಷದವರು ಗೆಲ್ಲಲಿ, ಸೋಲಲಿ, ಅವರ ಹೆಸರು ಗೋಡೆಗೆ ಬಂದದ್ದು ನನ್ನ ಬ್ರಷ್ಷಿನಿಂದಲೇ. ಹೀಗಾಗಿ ರಾಜಕೀಯ ನನಗೆ ಗೊತ್ತು ಎಂಬ ಹಮ್ಮು ನನಗೆ ಬಹಳ ದಿನ ಇತ್ತು.

ಅಕ್ಕನ ಹೆಸರು ಜಯಮ್ಮ. ನನಗಿಂತ ಆರು ವರ್ಷ ದೊಡ್ಡವಳು. ಅವಳ ಮಗಳು ಮಂಜುಳಾ ಅಲ್ಲಿ ಒಂದು ಕಂಪನಿಯಲ್ಲಿದ್ದಾಳೆ. ಬಾವ ತೀರಿಕೊಂಡ ಮೇಲೆ ತಾಯಿಯನ್ನೂ ಕರೆಸಿಕೊಂಡಳು. ನಾನು ಹೋಗುವ ಹಿಂದಿನ ವರ್ಷವಷ್ಟೇ ಅಕ್ಕ ಆ ದೇಶದ ಪ್ರಜೆಯಾಗಿ, ಓಟಿನ ಹಕ್ಕು ಪಡೆದಿದ್ದಳು. ನನ್ನನ್ನು ಕರೆದದ್ದು ಅಕ್ಕ ಅಲ್ಲ. "ಮಾಮ ಒಂದ್ಸಲ ಬಂದ್ ಹೋಗ್ಲಿ ಬಿಡಮ್ಮ" ಎಂದು ಮಗಳು ಅಂದಾಗ ಬೇಡ ಅನ್ನಲಿಲ್ಲ, ಅಷ್ಟೇ. ಅಕ್ಕ, ನಾನು ಒಂದೇ ಸೂರಿನ ಕೆಳಗೆ ಕೂತು ಉಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಅದಕ್ಕೆ ಕಾರಣ ನಾನೇ. ಅದನ್ನು ಅವಳ ಮುಂದೆ ಹೇಳಿಬಿಡಬೇಕು ಎಂದೇ ವಿಮಾನ ಹತ್ತಿದ್ದೆ. ಹೋದವನು ಮೂರು ವಾರ ಬಾಯಿ ಬಿಡಲಿಲ್ಲ.

ಮೊದಲ ದಿನವೇ ಎಡವಟ್ಟು. ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋಗಿದ್ದಾಗ, ಒಳ್ಳೆಯವನಾಗೋಣ ಎಂದು ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದೆ. ಮೆಣಸಿನಕಾಯಿ ಘಾಟು ಏಳುತ್ತಲೇ ಸೂರಿನಲ್ಲಿದ್ದ, ಹೊಗೆ ಕಂಡರೆ ಕೂಗುವ ಬಿಳಿ ಬಿಲ್ಲೆಯೊಂದು ಹಂದಿ ಕೊಯ್ದ ಹಾಗೆ ಕಿರುಚತೊಡಗಿತು. ನಾನು ಬಾಣಲೆ ಹಿಡಿದುಕೊಂಡೇ ಬೀದಿಗೆ ಓಡಿದೆ. ಎದುರು ಮನೆಯವನು ನಾಯಿ ಹಿಡಿದು ನಿಂತಿದ್ದ. ನನ್ನನ್ನು ನೋಡಿ "ಹಾಯ್" ಅಂದ. ಮನೆಗೆ ಬೆಂಕಿ ಬಿದ್ದು ಮನುಷ್ಯ ಬಾಣಲೆ ಸಮೇತ ಹೊರಗೆ ಬಂದರೂ ಇವರಿಗೆ ಹಾಯ್! ಅವನ ಇನ್ನೊಂದು ಕೈಯಲ್ಲಿ ಬಿಸಿ ಬಿಸಿ ನಾಯಿ ಹೇಲಿನ ಚೀಲ. ನಮ್ಮೂರಲ್ಲಿ ಪಂಚಾಯ್ತಿ ಮೆಂಬರು ತನ್ನ ಮನೆ ಮುಂದಿನ ಚರಂಡಿಗೆ ಕಣ್ಣು ಹಾಯಿಸುವುದಿಲ್ಲ. ಅಲ್ಲಿ ದೊಡ್ಡ ಕಂಪನಿಯ ಮ್ಯಾನೇಜರು ನಾಯಿಯ ಹಿಂದೆ ಚೀಲ ಹಿಡಿದು ಪ್ರಸಾದಕ್ಕೆ ನಿಂತ ಹಾಗೆ ನಿಂತಿರುತ್ತಾನೆ.

ಅಂಚೆ ಡಬ್ಬಿ

ಅಲ್ಲಿನ ಪದ್ಧತಿ ಹೀಗೆ. ರಾಷ್ಟ್ರಾಧ್ಯಕ್ಷರ ಪದವಿಗೆ ಪಕ್ಷದಿಂದ ಯಾರು ನಿಲ್ಲಬೇಕು ಎಂಬುದನ್ನು ದೊಡ್ಡವರು ಕೋಣೆಯೊಳಗೆ ಕೂತು ತೀರ್ಮಾನಿಸುವುದಿಲ್ಲ. ಅದಕ್ಕೂ ರಾಜ್ಯ ರಾಜ್ಯವಾಗಿ ಜನರನ್ನೇ ಕೇಳುತ್ತಾರೆ. ಅಕ್ಕ ಇದ್ದ ರಾಜ್ಯದಲ್ಲಿ ಅವಳ ಪಕ್ಷದವರು ಇದಕ್ಕೆ ಮತಪೆಟ್ಟಿಗೆ ಕೂಡ ಇಟ್ಟಿರಲಿಲ್ಲ. ಮಾರ್ಚ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಪಕ್ಷದ ಕಡೆಯವರು ತಮ್ಮ ಬಡಾವಣೆಗೆ ಗೊತ್ತು ಮಾಡಿದ ಶಾಲೆಯಲ್ಲಿ ಸೇರಬೇಕು. ನಾನು ಇವರ ಕಡೆ, ನಾನು ಅವರ ಕಡೆ ಎಂದು ಎಲ್ಲರೆದುರೇ ಬರೆದುಕೊಟ್ಟು, ಗುಂಪು ಗುಂಪಾಗಿ ನಿಂತು ತಲೆ ಎಣಿಸಬೇಕು. ಆ ವರ್ಷ ಕಣದಲ್ಲಿ ಉಳಿದಿದ್ದವರು ಇಬ್ಬರು. ಒಬ್ಬರು ಹೆಂಗಸು, ಒಬ್ಬರು ಮುದುಕರು. ರಾಜ್ಯದ ಮುಖಂಡರೆಲ್ಲ ಸಾಲಾಗಿ ಆ ಹೆಂಗಸಿಗೆ ಬೆಂಬಲ ಘೋಷಿಸಿದ್ದರು. ಬೀದಿಯ ಜನ, ಅದರಲ್ಲೂ ಎಳೆಯರು, ಮುದುಕರ ಕಡೆ.

ಮುಖಂಡರ ಬೆಂಬಲ ದಿನವೂ ಅಂಚೆ ಡಬ್ಬಿಗೆ ಬಂದು ಬೀಳುತ್ತಿತ್ತು. ಹೊಳೆಯುವ ದಪ್ಪ ಕಾರ್ಡು, ಅದರ ಮೇಲೆ ಹಲ್ಲು ಬಿಟ್ಟ ಮುಖ, "ನಾನು ಇವರನ್ನು ಬೆಂಬಲಿಸುತ್ತೇನೆ, ನೀವೂ ಬೆಂಬಲಿಸಿ." ಇವರು ಬೆಂಬಲಿಸಿದರೆ ನಾವೇಕೆ ಬೆಂಬಲಿಸಬೇಕು ಎಂಬುದು ಮಾತ್ರ ಯಾವ ಕಾರ್ಡಿನಲ್ಲೂ ಇರಲಿಲ್ಲ. ಊಟಕ್ಕೆ ಕೂತರೆ ಫೋನು. ಎತ್ತಿದರೆ ಮುಖಂಡರದೇ ದನಿ, ಮೊದಲೇ ರೆಕಾರ್ಡು ಮಾಡಿಟ್ಟದ್ದು. ಅಕ್ಕ ಅದಕ್ಕೂ ಕನ್ನಡದಲ್ಲಿ, "ಉಣ್ತಾ ಇದೀವಿ, ಆಮೇಲ್ ಮಾಡಪ್ಪ" ಎಂದು ಹೇಳಿ ಇಡುತ್ತಿದ್ದಳು.

ಕಾರ್ಡುಗಳನ್ನು ಅವಳು ಎಸೆಯುತ್ತಿರಲಿಲ್ಲ. ಬೆರಳಿಟ್ಟು ಓದಿ, ಎಣ್ಣೆ ಡಬ್ಬಿಗಳ ಕೆಳಗೆ ಹಾಸುತ್ತಿದ್ದಳು.

"ಲೀಡರ್‌ಗಳು ಎಣ್ಣೆ ಚೆನ್ನಾಗ್ ತಡೀತಾರೆ ಕಣ್ಲಾ," ಅಂದಳು. "ಒರೆಸಿದ್ರೆ ಹೊಳೀತಾರೆ."

ನಾನು ನಕ್ಕು, "ನೀನು ಯಾರ ಕಡೆ ಅಕ್ಕ?" ಎಂದೆ.

ಅವಳ ಕೈ ನಿಂತಿತು. "ಇನ್ನೊಬ್ರ ಓಟು ನಿಂಗ್ಯಾಕ್ಲಾ? ಆ ಚಾಳಿ ಇನ್ನೂ ಬಿಟ್ಟಿಲ್ವಾ?"

ಆ ಚಾಳಿ ಏನು ಎಂಬುದನ್ನು ಹೇಳಬೇಕು. ಪಂಚಾಯ್ತಿಯಲ್ಲಿ ಹೆಂಗಸರಿಗೆ ಮೀಸಲಾತಿ ಬಂದ ಹೊಸತು. ಅಕ್ಕನನ್ನು ಕೊಟ್ಟಿದ್ದು ಪಕ್ಕದ ಹಳ್ಳಿಗೆ. ಎರಡೂ ಊರು ಒಂದೇ ಪಂಚಾಯ್ತಿ. ಅವಳು ಹೊಲಿಗೆ ಯಂತ್ರದ ಗುರುತಿನಲ್ಲಿ ನಿಂತಳು. ಎದುರಿಗೆ ಹೋಬಳಿಯ ಮುಖಂಡ ಶಿವಣ್ಣನ ಹೆಂಡತಿ, ಲಾಟೀನಿನ ಗುರುತು. ಶಿವಣ್ಣ ನನ್ನನ್ನು ಕರೆಸಿ ಕುರ್ಚಿ ಕೊಟ್ಟ. ನಾನು ಅಲ್ಲಿಯವರೆಗೆ ಅವನ ಜಗಲಿಯಲ್ಲಿ ನಿಂತೇ ಮಾತಾಡಿದವನು. "ನಿನ್ನಂಥೋನು ಮುಖಂಡ ಆಗ್ಬೇಕಯ್ಯಾ ರಂಗಸ್ವಾಮಿ" ಅಂದ. ಅಷ್ಟಕ್ಕೇ ನಾನು ಕರಗಿ ನೀರಾದೆ. ಸಭೆಯಲ್ಲಿ ವೇದಿಕೆ ಹತ್ತಿದೆ, ಶಾಲು ಹೊದಿಸಿಕೊಂಡೆ. ಕೆಳಗೆ ಹೆಂಗಸರ ನಡುವೆ ನಿಂತಿದ್ದ ಅಕ್ಕ ನನ್ನನ್ನೇ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ.

ಅದಾದರೂ ಹೋಗಲಿ. ನಮ್ಮ ಕಡೆ ಕರಪತ್ರದ ಕೆಳಗೆ "ಮತ ಯಾಚಿಸುವವರು" ಎಂದು ಹೆಸರುಗಳ ಪಟ್ಟಿ ಇರುತ್ತದಲ್ಲ, ಅಲ್ಲಿ ನನ್ನ ಹೆಸರು ಬಂತು. ಅದರ ಮೇಲಿನ ಸಾಲಿನಲ್ಲಿ ನಮ್ಮಮ್ಮ ನಿಂಗಮ್ಮನ ಹೆಸರು. "ನಿಮ್ಮ ತಾಯಿ ಹೆಸರೂ ಹಾಕ್ಸೋಣ, ಏನಂತೀಯ?" ಎಂದು ಶಿವಣ್ಣ ಕೇಳಿದಾಗ, "ನಾನು ಹೇಳಿದ ಮೇಲೆ ಮುಗೀತು, ಹಾಕ್ಸಿ" ಅಂದಿದ್ದೆ. ಪಟ್ಟಿಯಲ್ಲಿದ್ದ ಯಾರನ್ನು ತಾನೆ ಕೇಳಿ ಹಾಕಿದ್ದರು? ಮನೆಯ ಗಂಡಸು ಹೂಂ ಅಂದರೆ ಮನೆಯೆಲ್ಲ ಹೂಂ ಅಂದ ಲೆಕ್ಕ. ಅಮ್ಮನಿಗೆ ಅಕ್ಷರ ಬಾರದು, ಸೊಂಟ ಮುರಿದು ಜಗಲಿ ಬಿಟ್ಟು ಇಳಿಯಲಾರಳು. ತನ್ನ ಹೆಸರು ಅಚ್ಚಾದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಶಿವಣ್ಣನ ಹೆದರಿಕೆಗೆ ಬೀದಿಯವರೂ ಹೇಳಲಿಲ್ಲ. ಅಕ್ಕ ಒಂಬತ್ತು ಓಟಿನಲ್ಲಿ ಸೋತಳು. ಹೆತ್ತ ತಾಯಿಯೇ ತನಗೆ ವಿರೋಧ ನಿಂತಳು ಎಂದು ನಂಬಿ, ಆಮೇಲೆ ತವರಿನ ಹೊಸಿಲು ತುಳಿಯಲಿಲ್ಲ.

ಗೌರಿ ಹಬ್ಬ ಬಂದರೆ ಅಮ್ಮ ಮರದ ಬಾಗಿನ ಕಟ್ಟಿ ನನ್ನ ಕೈಯಲ್ಲೇ ಕಳಿಸುತ್ತಿದ್ದಳು. ಅಕ್ಕ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ಅದನ್ನು ಬರುವ ದಾರಿಯ ಗುಡಿಯಲ್ಲಿಟ್ಟು ಬಂದು, "ತಗಂಡ್ಲು ಕಣಮ್ಮ, ಕಣ್ಣಿಗೊತ್ತಿಕೊಂಡ್ಲು" ಎನ್ನುತ್ತಿದ್ದೆ. "ಮತ್ತೆ ಬರೋದಿಲ್ವಲ್ಲೋ?" ಎಂದು ಅಮ್ಮ ಕೇಳುತ್ತಿದ್ದಳು. ಐದು ವರ್ಷ ಕೇಳಿ, ಆರನೆಯ ವರ್ಷ ತೀರಿಕೊಂಡಳು. ಅಕ್ಕ ಬಂದು, ಮುಖ ನೋಡಿ, ಅಳದೆ ಹೋದಳು.

ವೇದಿಕೆಯಲ್ಲಿ ಹೊದಿಸಿಕೊಂಡ ಆ ಶಾಲು ಮೂರು ತಿಂಗಳಲ್ಲಿ ಬಣ್ಣ ಒರೆಸುವ ಬಟ್ಟೆಯಾಯಿತು.

ರೆಂಟನ್

ಅಕ್ಕನ ಮನೆಯ ಹಿಂದಿನ ಬೀದಿಯಲ್ಲಿ ಹರೀಶ ಎಂಬ ಮೈಸೂರಿನವನಿದ್ದ. ಬೆಲ್ವ್ಯೂ ಪೇಟೆಯಲ್ಲಿ ಅವನ ಆಫೀಸು. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಅಲ್ಲಿನ ಕನ್ನಡಿಗರು ನಾಲ್ಕು ಜನ ಸೇರಿದರೆ ಮೈಕು ಇವನ ಕೈಯಲ್ಲಿ. ಮೈಕು ಇಲ್ಲದಾಗಲೂ ಮೈಕಿನಲ್ಲಿ ಮಾತಾಡಿದ ಹಾಗೇ ಮಾತು. ಮುಖಂಡರು ಬೆಂಬಲಿಸಿದ ಹೆಂಗಸಿನ ಪರವಾಗಿ ಓಡಾಡುತ್ತಿದ್ದ.

"ಅಂಕಲ್, ನೀವು ಊರಲ್ಲಿ ಎಲೆಕ್ಷನ್ ಕೆಲಸ ಮಾಡಿದೀರಂತೆ? ಶನಿವಾರ ಬನ್ನಿ, ಒಂದ್ ರೌಂಡ್ ಹೋಗೋಣ. ನಮ್ಗೂ ಸ್ವಲ್ಪ ಎಕ್ಸ್‌ಪೀರಿಯನ್ಸ್ ಬೇಕು" ಅಂದ.

ಕರಗುವುದು ನನಗೆ ಹಳೆಯ ರೋಗ. ಹೋದೆ.

ಅವನಿಗೆ ಆ ದಿನ ಕೊಟ್ಟಿದ್ದು ರೆಂಟನ್ನಿನ ಒಂದು ಬೀದಿ. ಅಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ಇದೆ. ಬಣ್ಣ ಹಚ್ಚುವ ಮುಂಚೆ ವಿಮಾನಗಳ ಮೈ ಹಸಿರು. ಎಲ್ಲ ಒಂದೇ ಹಸಿರು, ಯಾವ ದೇಶದ್ದೆಂದು ಹೇಳಲಾಗದು. ಚುನಾವಣೆಗೆ ಮುಂಚಿನ ಮುಖಂಡರನ್ನೂ ಹೀಗೆ ಬರಿಮೈಯಲ್ಲಿ ನಿಲ್ಲಿಸಿದರೆ ಯಾವ ಪಕ್ಷದವರೆಂದು ಗುರುತು ಹತ್ತಲಿಕ್ಕಿಲ್ಲ ಅನ್ನಿಸಿತು.

ಮಳೆ ಹನಿಯುತ್ತಿತ್ತು. ಅಲ್ಲಿನ ಮಳೆಗೆ ಬರುವ ಧೈರ್ಯವೂ ಇಲ್ಲ, ನಿಲ್ಲುವ ಮರ್ಯಾದೆಯೂ ಇಲ್ಲ. ಮನೆ ಮನೆಯ ಗಂಟೆ ಒತ್ತಿದೆವು. ನಮ್ಮಲ್ಲಿ ಓಟು ಕೇಳಲು ಹೋದರೆ ಕೂರಿಸಿ, ನೀರು ಕೊಟ್ಟು, ನಿಮಗೇ ಹಾಕುತ್ತೇವೆ ಎಂದು ಎಲ್ಲರಿಗೂ ಸುಳ್ಳು ಹೇಳುತ್ತಾರೆ. ಅಲ್ಲಿ ಬಾಗಿಲನ್ನು ಒಂದು ಗೇಣು ತೆರೆದು, ನಗುತ್ತಲೇ "ನೋ ಥ್ಯಾಂಕ್ಯೂ" ಎಂದು ನಿಜ ಹೇಳಿ ಮುಚ್ಚುತ್ತಾರೆ.

ಕಾರ್ಖಾನೆಯಿಂದ ನಿವೃತ್ತನಾದ ಒಬ್ಬ ಮುದುಕ ಮಾತ್ರ ಹೊರಗೆ ಬಂದ. ಹರೀಶ ಮುಖಂಡರ ಹೆಸರಿದ್ದ ಹಾಳೆ ಕೊಟ್ಟ. ಮುದುಕ ಕನ್ನಡಕ ಹಾಕಿಕೊಂಡು, ಅಂಗಡಿ ಚೀಟಿ ತಾಳೆ ನೋಡುವವನಂತೆ ಒಂದೊಂದೇ ಹೆಸರಿನ ಮೇಲೆ ಉಗುರಿಟ್ಟು ಇಳಿದ. ಆಮೇಲೆ ಏನೋ ಹೇಳಿ ಹಾಳೆ ಹಿಂದಕ್ಕೆ ಕೊಟ್ಟ.

"ಏನಂದ?" ಎಂದೆ ಕಾರಿನಲ್ಲಿ.

ಹರೀಶನ ಮುಖ ಜೋತಿತ್ತು. "'ಇದ್ರಲ್ಲಿ ನನ್ನ ಪಕ್ಕದ ಮನೆಯವರ ಹೆಸರಿಲ್ಲ. ಈ ದೊಡ್ಡೋರು ತಾವು ಯಾರ ಕಡೆ ಅಂತ ತೀರ್ಮಾನ ಮಾಡುವಾಗ ನನ್ನ ಕೇಳಲಿಲ್ಲ. ನಾನ್ಯಾಕೆ ಅವರನ್ನ ಕೇಳ್ಬೇಕು?' ಅಂದ ಅಂಕಲ್. ಲೀಡರ್ಸ್ ಹೆಸರು ವರ್ಕೇ ಆಗ್ತಿಲ್ಲ. ಲೋಕಲ್ ಹೆಸರು ಬೇಕು. ನೇಬರ್ಸ್."

ನನಗೆ ನಗು ಬಂತು. ಇಷ್ಟು ದೊಡ್ಡ ದೇಶ, ಆಕಾಶಕ್ಕೆ ವಿಮಾನ ಹಾರಿಸುವ ಜನ, ನಮ್ಮ ಹೋಬಳಿಯ ಶಿವಣ್ಣನಿಗೆ ಗೊತ್ತಿದ್ದದ್ದು ಇವರಿಗೆ ಗೊತ್ತಿಲ್ಲ!

"ಕರಪತ್ರದ ಕೆಳಗೆ ಬೀದಿಯವರ ಹೆಸರು ಹಾಕಿ ಮಾರಾಯ," ಎಂದೆ. "ಮೇಲಿನ ಮುಖ ಯಾರು ನೋಡ್ತಾರೆ? ಜನ ಓದೋದು ಕೆಳಗಿನ ಪಟ್ಟಿ. ನಮ್ಮೋರು ಯಾರ್ಯಾರು ಅವ್ರೆ ಅಂತ."

ಆ ಜ್ಞಾನವನ್ನು ನಾನೇ, ಕೈಯಾರೆ, ಅಮೆರಿಕಕ್ಕೆ ದಾನ ಮಾಡಿ ಬಂದೆ.

ಡೌನ್‌ಟೌನ್ ಬೆಲ್ವ್ಯೂ

ಎರಡು ದಿನ ಬಿಟ್ಟು ಹರೀಶ ನನ್ನನ್ನು ಬೆಲ್ವ್ಯೂ ಪೇಟೆಗೆ ಕರೆದುಕೊಂಡು ಹೋದ. ಗಾಜಿನ ಕಟ್ಟಡ, ಲಿಫ್ಟಿನಲ್ಲಿ ಕಿವಿ ಗುಂಯ್ ಎನ್ನುವಷ್ಟು ಎತ್ತರ, ಅಲ್ಲಿ ಅಪಾರ್ಟ್‌ಮೆಂಟಿನವರು ಪಾರ್ಟಿ ಮಾಡುವ ಹಾಲು. ಪಕ್ಷದ ರಾಜ್ಯ ಮುಖಂಡರೊಬ್ಬರು ಭಾರತೀಯರನ್ನು ಕಾಣಲು ಬರುವವರಿದ್ದರು. ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲರೂ ಸಮೋಸ ತಟ್ಟೆಯ ಸುತ್ತ ನಿಂತು ಇಂಗ್ಲಿಷಿನಲ್ಲಿ ನಗುತ್ತಿದ್ದರು.

ಮುಖಂಡರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ನಮ್ಮಲ್ಲಿ ಹೇಳಿದ ಹೊತ್ತಿಗೆ ಬಂದರೆ ಅವನೆಂಥ ಮುಖಂಡ! ಹಿಂದೆ ಕಾರುಗಳಿಲ್ಲ, ಜೈಕಾರವಿಲ್ಲ, ತಮ್ಮ ಕೋಟು ತಾವೇ ಹಿಡಿದುಕೊಂಡು ಬಂದರು. ಏಳೆಂಟು ನಿಮಿಷ ಮಾತಾಡಿದರು. ತಮಗೆ ಇಡ್ಲಿ ಬಹಳ ಇಷ್ಟ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಟ್ಟಿ ಕೆಲಸದವರು, ಲಕ್ಷಾಂತರ ಸಂಬಳದವರು, ಒಬ್ಬ ಬಿಳಿಯ ಇಡ್ಲಿ ತಿಂದ ಎಂದು ಕಣ್ಣರಳಿಸಿ ನಿಂತಿದ್ದರು.

ಆಮೇಲೆ ಫೋಟೊ. ಹರೀಶ ನನ್ನನ್ನು ಮುಂದಕ್ಕೆ ತಳ್ಳಿ, "ಸೀನಿಯರ್ ಕಮ್ಯುನಿಟಿ ಲೀಡರ್ ಫ್ರಮ್ ಕರ್ನಾಟಕ" ಅಂದ. ಮುಖಂಡರು ನನ್ನ ಕೈ ಕುಲುಕಿದರು. ಕೈ ನನ್ನದರಲ್ಲಿ, ಕಣ್ಣು ನನ್ನ ಹಿಂದಿನವನ ಮೇಲೆ. ಶಿವಣ್ಣನೂ ಥೇಟ್ ಹೀಗೇ ಕುಲುಕುತ್ತಿದ್ದ. ಆದರೂ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಎದೆ ಉಬ್ಬಿತು. ಈ ಫೋಟೊ ದೊಡ್ಡದು ಮಾಡಿಸಿ ಊರ ಹೋಟೆಲಿನಲ್ಲಿ ಹಾಕಿಸುವುದು ಎಂದು ಅಲ್ಲೇ ಜಾಗ ಕೂಡ ಗೊತ್ತು ಮಾಡಿದೆ.

ಇಳಿಯುವಾಗ ಲಿಫ್ಟಿನಲ್ಲಿ ಹರೀಶ ಕೇಳಿದ. "ಅಂಕಲ್, ನಿಮ್ಮ ಐಡಿಯಾ ಎಲ್ಲರಿಗೂ ಹಿಡಿಸ್ತು. ನಮ್ಮ ಏರಿಯಾಗೆ ಒಂದು ಫ್ಲೈಯರ್ ಮಾಡ್ತಿದೀವಿ. ಮೇಲೆ ಲೀಡರ್ಸ್, ಕೆಳಗೆ ನೇಬರ್ಸ್. ಜಯಮ್ಮ ಆಂಟಿ ಹೆಸರು ಹಾಕಬಹುದಾ? ಹೊಸ ಸಿಟಿಜನ್, ಸೀನಿಯರ್ ಲೇಡಿ, ಚೆನ್ನಾಗಿರತ್ತೆ. ಒಂದ್ಸಲ ಆಂಟಿನ ಕೇಳ್ಲಾ?"

ಅವನಾದರೂ ಕೇಳುತ್ತೇನೆ ಅಂದ. ಆ ಮಟ್ಟಿಗೆ ಆ ಮೈಕಿನವನು ನನಗಿಂತ ಮನುಷ್ಯ.

"ಅಕ್ಕನ್ನೇನು ಕೇಳೋದು," ಎಂದೆ. "ನಾನು ಹೇಳಿದ ಮೇಲೆ ಮುಗೀತು, ಹಾಕ್ಸಿ."

ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಇದು ನಾನು ಹಿಂದೆ ಆಡಿದ್ದೇ ಮಾತು. ಒಂದು ಅಕ್ಷರವೂ ಬದಲಾಗಿಲ್ಲ. ಲಿಫ್ಟು ಕೆಳಗಿಳಿಯುತ್ತಿತ್ತು. ಹರೀಶ ಆಗಲೇ, "ಒಂದ್ ಫೋಟೊ ಕಳಿಸಿ" ಎಂದು ಕೈ ಚಾಚಿದ್ದ. ಅಡುಗೆಮನೆಯಲ್ಲಿ ಅಕ್ಕನಿಗೆ ತಿಳಿಯದಂತೆ ತೆಗೆದಿದ್ದ ಫೋಟೊ ನನ್ನ ಫೋನಿನಲ್ಲಿತ್ತು. ಕಳಿಸಿದೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಆಮೇಲಿನ ನಾಲ್ಕು ದಿನ ಅಂಚೆ ಡಬ್ಬಿಯನ್ನು ಅಕ್ಕನಿಗಿಂತ ಮುಂಚೆ ನಾನೇ ಹೋಗಿ ನೋಡಿ ಬರುತ್ತಿದ್ದೆ. ಏನೂ ಬರಲಿಲ್ಲ. ಹರೀಶ ಮರೆತಿರಬೇಕು ಎಂದು ಸಮಾಧಾನಪಟ್ಟೆ.

ಶಾಲೆಯ ಊಟದ ಹಾಲು

ಆ ಶನಿವಾರ ಮಂಜುಳಾ ನಮ್ಮಿಬ್ಬರನ್ನೂ ಶಾಲೆಗೆ ಕರೆದುಕೊಂಡು ಹೋದಳು. ಅಕ್ಕ ರೇಷ್ಮೆ ಅಂಚಿನ ಸೀರೆ ಉಟ್ಟು, ಮೇಲೆ ಸ್ವೆಟರ್, ಅದರ ಮೇಲೆ ಮಳೆ ಕೋಟು ಹಾಕಿ, ತಾನೇ ಅಭ್ಯರ್ಥಿ ಎಂಬಂತೆ ಗಂಭೀರವಾಗಿದ್ದಳು.

ಮಕ್ಕಳು ಊಟ ಮಾಡುವ ದೊಡ್ಡ ಹಾಲು. ಉದ್ದನೆಯ ಮೇಜುಗಳು, ಒಂದೊಂದು ಮೇಜಿನ ಮೇಲೆ ಒಂದೊಂದು ಬಡಾವಣೆಯ ನಂಬರು. ರಾಷ್ಟ್ರಾಧ್ಯಕ್ಷರನ್ನು ಆರಿಸುವ ಜಾಗ ಎಂದರೆ ಪೊಲೀಸರು, ಲಾಠಿ, ನೂರು ಮೀಟರಿನ ಸುಣ್ಣದ ಗೆರೆ ಬೇಡವೇ? ಒಬ್ಬ ಹೋಂಗಾರ್ಡೂ ಇಲ್ಲ. ಯಾರೋ ಬಿಸ್ಕತ್ತು ತಂದಿಟ್ಟಿದ್ದರು. ಒಬ್ಬಳು ಸ್ವೆಟರ್ ಹೆಣೆಯುತ್ತಿದ್ದಳು. ನಾಯಿ ಕೂಡ ಒಂದು ಬಂದಿತ್ತು. ಓಟಿಲ್ಲದ ನನ್ನಂಥವರಿಗೆ ಗೋಡೆಯ ಪಕ್ಕ ಬೇರೆ ಕುರ್ಚಿ. ನಾವು ನೋಡಬಹುದು, ಮಾತಾಡುವ ಹಾಗಿಲ್ಲ.

ನಮ್ಮ ಮೇಜಿನಲ್ಲಿ ನಲವತ್ತು ಜನ ಇದ್ದಿರಬಹುದು. ಅಧ್ಯಕ್ಷತೆ ವಹಿಸಿದ್ದವಳು ಮಳೆ ಕೋಟಿನ ಒಬ್ಬ ಟೀಚರಂಥ ಹೆಂಗಸು. ಎಲ್ಲರೂ ಹಾಳೆಯಲ್ಲಿ ಹೆಸರು, ತಮ್ಮ ಆಯ್ಕೆ ಬರೆದರು. ಅಕ್ಕ ಏನು ಬರೆದಳೋ ನನಗೆ ಕಾಣಲಿಲ್ಲ. ಆಮೇಲೆ ಎರಡೂ ಕಡೆಯವರು ಒಬ್ಬೊಬ್ಬರಾಗಿ ಎದ್ದು ಒಂದೊಂದು ನಿಮಿಷ ಮಾತಾಡಬಹುದು. ಅದನ್ನು ಕೇಳಿ ಮನಸ್ಸು ಬದಲಾದವರು ಬದಲಾಯಿಸಬಹುದು. ಅದಾದ ಮೇಲೆ ಎರಡು ಮೂಲೆಗೆ ಹೋಗಿ ನಿಲ್ಲಬೇಕು.

ಮುದುಕರ ಪರವಾಗಿ ಒಬ್ಬ ಹುಡುಗಿ ಚೆನ್ನಾಗಿ ಮಾತಾಡಿದಳು. ಆಮೇಲೆ ಹರೀಶ ಎದ್ದ. ಅವನ ಕೈಯಲ್ಲಿ ಹೊಸ ಹಾಳೆಗಳ ಕಟ್ಟು. ಅದನ್ನು ಅಂಚೆಗೆ ಹಾಕದೆ ಅಲ್ಲಿ ಹಂಚಲೆಂದೇ ಇಟ್ಟುಕೊಂಡಿದ್ದ. ರಾಜ್ಯದ ಮುಖಂಡರ ಹೆಸರುಗಳನ್ನು ಒಂದೊಂದಾಗಿ ಓದಿದ. ಯಾರೂ ತಲೆ ಎತ್ತಲಿಲ್ಲ. ಹೆಣೆಯುವವಳು ಹೆಣೆಯುತ್ತಲೇ ಇದ್ದಳು. ಕೊನೆಗೆ ನಮ್ಮ ಅಕ್ಕನ ಕಡೆ ಕೈ ಚಾಚಿ, ನಮ್ಮ ನೆರೆಯವರಾದ ಜಯಮ್ಮ ಕೂಡ ಈ ಪಟ್ಟಿಯಲ್ಲಿದ್ದಾರೆ ಎಂದ. ಆಗ ಎಲ್ಲರೂ ತಲೆ ಎತ್ತಿದರು.

ಅಕ್ಕ ಹಾಳೆ ಈಸಿಕೊಂಡು ಕನ್ನಡಕ ಹಾಕಿದಳು. ಸೌಟು ಹಿಡಿದು ನಿಂತ ತನ್ನದೇ ಫೋಟೊ ನೋಡಿದಳು. ಅದರ ಹಿಂದೆ ಅವಳ ಅಡುಗೆಮನೆ. ಅದನ್ನು ಒಳಗೆ ನಿಂತು ತೆಗೆಯಬಲ್ಲವರು ಎಷ್ಟು ಜನ? ಅವಳು ನಿಧಾನವಾಗಿ ತಿರುಗಿ, ಗೋಡೆಯ ಪಕ್ಕದ ಕುರ್ಚಿಯಲ್ಲಿದ್ದ ನನ್ನನ್ನು ನೋಡಿದಳು.

ಅದೇ ನೋಟ. ನನ್ನ ಕಣ್ಣು ಚಪ್ಪಲಿಯ ಕಡೆಗೆ ಇಳಿಯಿತು. ಅಲ್ಲಿ ಕಂಡದ್ದು ಅಕ್ಕ ನ್ಯೂಮೋನಿಯಾ ಆದೀತೆಂದು ಹಾಕಿಸಿದ್ದ ಉಣ್ಣೆಯ ಕಾಲುಚೀಲ. ನಾನು ಎದ್ದು ನಿಂತೆ.

"ಅಕ್ಕ, ನಾನೇ ಕೊಟ್ಟಿದ್ದು. ನಿನ್ನ ಕೇಳ್ದೆ ಕೊಟ್ಟೆ," ಎಂದೆ. ದನಿ ಹಾಲಿಗೆಲ್ಲ ಕೇಳುವಷ್ಟು ದೊಡ್ಡದಾಯಿತು. "ಆವತ್ತು ಅಮ್ಮನ ಹೆಸರೂ ನಾನೇ ಕೊಟ್ಟಿದ್ದು. ಅಮ್ಮಂಗೆ ಗೊತ್ತೇ ಇರ್ಲಿಲ್ಲ ಅಕ್ಕ. ಸಾಯೋ ತನಕ ಗೊತ್ತಿರ್ಲಿಲ್ಲ."

ಅಧ್ಯಕ್ಷತೆ ವಹಿಸಿದ್ದ ಟೀಚರಮ್ಮ ಬಹಳ ಮರ್ಯಾದೆಯಿಂದ, ನೋಡಲು ಬಂದವರು ಮಾತಾಡುವಂತಿಲ್ಲ, ದಯವಿಟ್ಟು ಕೂತುಕೊಳ್ಳಿ ಎಂದಳು. ಇಪ್ಪತ್ತಮೂರು ವರ್ಷ ನುಂಗಿಕೊಂಡಿದ್ದನ್ನು ಕಕ್ಕಿದರೆ, ಅದು ಅವರ ನಿಯಮಕ್ಕೆ ವಿರುದ್ಧ. ಕೂತೆ.

ಅಕ್ಕ ಹಾಳೆ ಹಿಡಿದುಕೊಂಡೇ ಮೇಜಿನ ಕಡೆ ತಿರುಗಿದಳು. ಆಮೇಲೆ ಕೈ ಎತ್ತಿದಳು. ತನಗೂ ಒಂದು ನಿಮಿಷ ಬೇಕು ಎಂದಳು. ಅವಳ ಇಂಗ್ಲಿಷು ನನಗೂ ಅರ್ಥವಾಗುವಷ್ಟು ಚಿಕ್ಕದು.

"ದಿಸ್ ಮೈ ನೇಮ್," ಎಂದಳು ಹಾಳೆ ಎತ್ತಿ ಹಿಡಿದು. "ನೋಬಡಿ ಆಸ್ಕ್ ಮಿ."

ಟೀಚರಮ್ಮನ ಕೈಯಿಂದ ಪೆನ್ನು ತೆಗೆದುಕೊಂಡು, ಮೇಜಿನ ಮೇಲೆ ಹಾಳೆ ಇಟ್ಟು, ತನ್ನ ಹೆಸರಿಗೆ ಗೆರೆ ಎಳೆದಳು. ಒಂದು ಸಲ, ಮತ್ತೊಂದು ಸಲ. ಮುದುಕರ ಕಡೆಯವರು ಹೋ ಎಂದು ಚಪ್ಪಾಳೆ ತಟ್ಟಿ ತಮ್ಮ ಮೂಲೆಗೆ ಜಾಗ ಮಾಡಿದರು. ಹರೀಶ ಸೋತ ಮುಖ ಮಾಡಿ ಹಾಳೆಗಳನ್ನು ಎದೆಗವಚಿಕೊಂಡು ನಿಂತ. ಅಕ್ಕ ಹರೀಶನ ಕಡೆಯ ಅಭ್ಯರ್ಥಿಯ ಹೆಸರು ಅಂಟಿಸಿದ್ದ ಇನ್ನೊಂದು ಮೂಲೆಗೆ ನಡೆದು, ಅಲ್ಲಿದ್ದ ಏಳೆಂಟು ಜನರ ಪಕ್ಕದಲ್ಲಿ ಕೈಕಟ್ಟಿ ನಿಂತಳು. ಚಪ್ಪಾಳೆ ಅರ್ಧಕ್ಕೇ ನಿಂತಿತು.

ತಲೆ ಎಣಿಸಿದರು. ಆ ಮೂಲೆ ಭಾರಿಯಾಗಿ ಸೋತಿತು. ಎಣ್ಣೆ ಡಬ್ಬಿಯ ಕೆಳಗಿದ್ದ ಅಷ್ಟೂ ಮುಖಂಡರು ಸೇರಿ ಆ ಮೇಜಿನಲ್ಲಿ ಒಂದು ತಲೆಯನ್ನೂ ಅಲುಗಿಸಲಿಲ್ಲ.

ವಾಪಸು ಬರುವಾಗ ಮಂಜುಳಾ ತಡೆಯಲಾರದೆ ಕೇಳಿದಳು. "ಅಮ್ಮ, ಹೆಸರು ಹೊಡೆದು ಹಾಕಿ ಮತ್ತೆ ಅಲ್ಲೇ ಯಾಕ್ ಹೋಗಿ ನಿಂತೆ? ಎಲ್ಲರೂ ಕನ್ಫ್ಯೂಸ್ ಆದ್ರು."

"ನಾನು ಮೊದ್ಲಿಂದ್ಲೂ ಅಲ್ಲೇ ಇದ್ದೆ," ಅಂದಳು ಅಕ್ಕ. "ಹೆಸ್ರು ಹಂಗೇ ಬಿಟ್ಟಿದ್ರೆ, ನೋಡ್ದೋರು ಪೇಪರ್ ಹೇಳಿದ್ದಕ್ಕೆ ಹೋದ್ಲು ಅಂತಿದ್ರು. ಅದಕ್ಕೇ ಹೊಡ್ದು ಹಾಕ್ದೆ."

ನನ್ನ ಕಡೆ ತಿರುಗಲಿಲ್ಲ.

ಮತ್ತೆ ನಾರ್ತ್ ಕ್ರೀಕ್

ಮನೆಗೆ ಬಂದು ಅಕ್ಕ ಅನ್ನಕ್ಕಿಟ್ಟಳು. ಮಂಜುಳಾ ಏನೋ ನೆಪ ಹೇಳಿ ಮಹಡಿಗೆ ಹೋದಳು. ನಾನು ಅಡುಗೆಮನೆಯ ಮೇಜಿನ ಮುಂದೆ, ಮೇಷ್ಟ್ರು ನಿಲ್ಲಿಸಿದ ಹುಡುಗನ ಹಾಗೆ ಕೂತಿದ್ದೆ.

ಅಕ್ಕ ಬೆನ್ನು ಮಾಡಿಕೊಂಡೇ ಕೇಳಿದಳು. "ಅಮ್ಮ ಯಾರಿಗೆ ಮುದ್ರೆ ಒತ್ತಿದ್ಲು?"

"ಹೊಲಿಗೆ ಮಿಷನ್ನಿಗೆ. ನಾನೇ ಬೆನ್ನ ಮೇಲೆ ಹೊತ್ಕೊಂಡು ಹೋಗಿದ್ದೆ. ಬರೋವಾಗ ಕಿವೀಲಿ ಹೇಳಿದ್ಲು. 'ಜಯನ ಮಿಷನ್ ಮೇಲೆ ಗಟ್ಟಿಯಾಗಿ ಒತ್ತಿವ್ನಿ ಕಣ್ಲಾ, ಅಳಿಸೋಕಾಗಲ್ಲ' ಅಂತ."

ಅಕ್ಕ ನಲ್ಲಿ ತಿರುಗಿಸಿದಳು. ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು.

"ಬಾಗಿನ?"

"ಪ್ರತಿ ವರ್ಷನೂ ನೀನು ತಗಂಡೆ ಅಂತ ಹೇಳ್ದೆ. ಕಣ್ಣಿಗೊತ್ಕಂಡೆ ಅಂತ ಹೇಳ್ದೆ."

"ನಾನ್ಯಾಕೆ ಬರಲ್ಲ ಅಂತ ಕೇಳ್ತಿರ್ಲಿಲ್ವಾ?"

"ಕೇಳ್ತಿದ್ಲು."

"ಏನಂತಿದ್ದೆ?"

"ಪುರುಸೊತ್ತಿಲ್ಲ ಅಂತಿದ್ದೆ."

ನೀರು ಹರಿಯುತ್ತಲೇ ಇತ್ತು. ಆ ದೇಶದಲ್ಲಿ ನೀರು ಹಾಗೆ ಸುರಿದರೆ ಅಕ್ಕ ಬೈಯುವವಳು. ಅವಳ ಭುಜ ಎರಡು ಸಲ ಮೇಲೆದ್ದು ಇಳಿಯಿತು. ಅಮ್ಮ ಸತ್ತ ದಿನ ಅಳದೆ ಹೋದವಳು. ನಾನು ಎದ್ದು ಹೋಗಿ ನಲ್ಲಿ ನಿಲ್ಲಿಸಲೂ ಹೆದರಿದೆ. ಬೆಳಿಗ್ಗೆ ಶಾಲೆಯಲ್ಲಿ ಎದ್ದು ನಿಂತ ಧೈರ್ಯ ಎಲ್ಲಿ ಹೋಯಿತೋ.

ಕೊನೆಗೆ ಅವಳೇ ನಲ್ಲಿ ನಿಲ್ಲಿಸಿ, ಮುಖ ಒರೆಸಿಕೊಂಡು ಒಳಗೆ ಹೋದಳು. ಬರುವಾಗ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದಳು. ಪಾಸ್‌ಪೋರ್ಟು, ಬಾವನ ಫೋಟೊ, ಓಟಿನ ಹಕ್ಕಿನ ಕಾಗದ. ಎಲ್ಲದರ ಅಡಿಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ. ಮೇಜಿನ ಮೇಲೆ ಬಿಡಿಸಿದಳು.

ಮೇಲೆ ಲಾಟೀನು. ದುಂಡಗಿನ ತಲೆಬರಹ, ನಾನೇ ಬರೆದುಕೊಟ್ಟು ಅಚ್ಚಿನ ಬ್ಲಾಕು ಮಾಡಿಸಿದ್ದು. ಸಮುದ್ರ ದಾಟಿ ಬರುವಾಗ ಅವಳು ಹುಣಸೆಹಣ್ಣು ಬಿಟ್ಟು ಬಂದಿದ್ದಾಳೆ, ಒರಳುಕಲ್ಲು ಬಿಟ್ಟು ಬಂದಿದ್ದಾಳೆ, ಇದನ್ನು ಬಿಟ್ಟಿರಲಿಲ್ಲ. ಕೆಳಗೆ ಮತ ಯಾಚಿಸುವವರ ಪಟ್ಟಿ. ಮಡಿಕೆಯ ಗೆರೆಯ ಮೇಲೆ "ಶ್ರೀಮತಿ ನಿಂಗಮ್ಮ, ಎದುರಾಳಿಯ ಹೆತ್ತ ತಾಯಿ." ಅದರ ಕೆಳಗೆ "ಶ್ರೀ ರಂಗಸ್ವಾಮಿ, ಯುವ ಮುಖಂಡರು, ಎದುರಾಳಿಯ ಒಡಹುಟ್ಟಿದ ತಮ್ಮ."

ಅಕ್ಕ ಪೆನ್ನು ನನ್ನ ಮುಂದಿಟ್ಟಳು. "ಹೊಡ್ದು ಹಾಕು."

ಸಾವಿರ ಗೋಡೆಗೆ ಹೆಸರು ಬರೆದ ಕೈ ಅದು. ಒಂದು ಗೆರೆ ಎಳೆಯಲು ಪೆನ್ನು ಎತ್ತಿಕೊಂಡೆ. ಅಮ್ಮನ ಹೆಸರಿನ ಮೇಲೆ ಎಳೆದೆ, ಕಾಗದ ಹರಿಯದ ಹಾಗೆ, ಒಂದೊಂದೇ ಅಕ್ಷರ ದಾಟಿ, ಕೊನೆಯವರೆಗೂ. ಅಕ್ಕ ಬಗ್ಗಿ ನೋಡುತ್ತಿದ್ದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು.

ಅದು ಮುಗಿದ ಮೇಲೆ ಪೆನ್ನನ್ನು ಕೆಳಗಿನ ಸಾಲಿಗೆ ಇಳಿಸಿದೆ. ನನ್ನ ಹೆಸರಿನ ಮೊದಲ ಅಕ್ಷರಕ್ಕೆ ತುದಿ ತಾಗಿತ್ತು. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ನಿಂದು ಇರ್ಲಿ ಕಣ್ಲಾ," ಅಂದಳು. "ಅದು ನಿಜ ತಾನೆ."